ಅಮೆರಿಕದ ರಾಜ್ಯಗಳ ಡಿಎನ್‌ಎ ಕಾನೂನು: ಎಲ್ಲಿಂದ ಓದಬೇಕು, ಏನು ಹುಡುಕಬೇಕು?

ಅಪರಾಧಿಗಳೆಂದು ತೀರ್ಪಾದವರ ಡಿಎನ್‌ಎಯನ್ನು ಅಮೆರಿಕ ಸಂಗ್ರಹಿಸಿಡುತ್ತದೆ ಎಂಬುದು ಹಲವರಿಗೆ ಗೊತ್ತು. ಆದರೆ ಯಾರ ಡಿಎನ್‌ಎ, ಯಾವ ಹಂತದಲ್ಲಿ, ಎಷ್ಟು ಕಾಲದವರೆಗೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆಯಾ ರಾಜ್ಯದ ಶಾಸನಸಭೆ. ಹಾಗಾಗಿ ಐವತ್ತು ರಾಜ್ಯಗಳಲ್ಲಿ ಐವತ್ತು ಬಗೆಯ ನಿಯಮಗಳಿವೆ. ನ್ಯೂಜೆರ್ಸಿಯಲ್ಲಿರುವ ಸ್ನೇಹಿತರು ಹೇಳಿದ ಮಾತು ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ ತಮ್ಮನಿಗೆ ಅನ್ವಯಿಸಲೇಬೇಕೆಂದಿಲ್ಲ.

ಅಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅವರ ಮನೆಯವರಿಗೆ, ಇಲ್ಲಿ ಕಾನೂನು ಓದುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ವಕೀಲರ ಸಲಹೆಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ವಕೀಲರ ಮುಂದೆ ಕೂತಾಗ ಏನು ಕೇಳಬೇಕೆಂದು ತಿಳಿಯಲು ಓದಿ. ಸಾಮಾನ್ಯವಾಗಿ ಎಲ್ಲರೂ 'ಯಾರಿಂದ ಮಾದರಿ ತೆಗೆಯುತ್ತಾರೆ' ಎಂಬ ಪಟ್ಟಿ ನೋಡಿ ನಿಲ್ಲಿಸಿಬಿಡುತ್ತಾರೆ. ಒಂದು ರಾಜ್ಯ ತನ್ನ ಜನರನ್ನು ಹೇಗೆ ಕಾಣುತ್ತದೆ ಎಂಬುದು ಗೊತ್ತಾಗುವುದು ಅಳಿಸುವಿಕೆಯ ಕಲಮಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ತೆಗೆದ ಮಾದರಿಯನ್ನು ಹಿಂದಕ್ಕೆ ಪಡೆಯಬೇಕಾದಾಗ ಓಡಾಡಬೇಕಾದವರು ಯಾರು, ಸರ್ಕಾರವೋ ಆ ವ್ಯಕ್ತಿಯೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಹಂತಗಳನ್ನು ಓದಿ.

ಹಂತ 1: ಯಾವ ಸರ್ಕಾರದ ಕಾನೂನು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಡಿಎನ್‌ಎ ಸಂಗ್ರಹಕ್ಕೆ ಮೂರು ಮಟ್ಟಗಳಿವೆ: ಸ್ಥಳೀಯ, ರಾಜ್ಯ, ರಾಷ್ಟ್ರ. ಮೂರನ್ನೂ ಬೆಸೆಯುವ ವ್ಯವಸ್ಥೆಯ ಹೆಸರು ಕೋಡಿಸ್. ಎಫ್‌ಬಿಐ ಇದನ್ನು 1990ರಲ್ಲಿ 14 ಪ್ರಯೋಗಾಲಯಗಳೊಂದಿಗೆ ಪ್ರಾಯೋಗಿಕವಾಗಿ ಆರಂಭಿಸಿತು. 1994ರ ಡಿಎನ್‌ಎ ಐಡೆಂಟಿಫಿಕೇಶನ್ ಆಕ್ಟ್ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ರಾಷ್ಟ್ರಮಟ್ಟದ ಸೂಚಿ 1998ರ ಅಕ್ಟೋಬರ್‌ನಲ್ಲಿ ಕೆಲಸ ಶುರುಮಾಡಿತು. ರಾಜ್ಯಗಳು ಅದಕ್ಕೂ ಮುಂದಿದ್ದವು. 1989ರಲ್ಲಿ ವರ್ಜೀನಿಯಾ ಮೊದಲು ಇಂಥ ಕಾನೂನು ಮಾಡಿ, ಮರುವರ್ಷವೇ ಅದನ್ನು ಎಲ್ಲ ಫೆಲನಿ (ಗಂಭೀರ ಅಪರಾಧ) ಅಪರಾಧಿಗಳಿಗೂ ವಿಸ್ತರಿಸಿತು.

ಬಂಧಿಸಿದ್ದು ರಾಜ್ಯದ ಅಥವಾ ಕೌಂಟಿಯ ಪೊಲೀಸರಾದರೆ ರಾಜ್ಯದ ಕಾನೂನು ನೋಡಿ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಪ್ರಕರಣವಾದರೆ ರಾಜ್ಯದ ಕಾನೂನಿಗೆ ಅಲ್ಲಿ ಕೆಲಸವಿಲ್ಲ. ವಲಸೆ ಇಲಾಖೆಯ ವಶದಲ್ಲಿರುವವರ ವಿಷಯವೂ ಹಾಗೆಯೇ, ಮತ್ತು ಭಾರತೀಯರು ಇದನ್ನು ಮುಖ್ಯವಾಗಿ ಗಮನಿಸಬೇಕು. ಹಿಂದೆ ವಲಸೆ ಬಂಧಿತರಲ್ಲಿ ಬಹುಪಾಲು ಜನರಿಗೆ ಡಿಎನ್‌ಎ ಕೊಡುವುದರಿಂದ ವಿನಾಯಿತಿ ಸಿಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಜಾರಿಯಾದ ನಿಯಮ ಆ ದಾರಿಯನ್ನು ಮುಚ್ಚಿತು. ಯಾವ ಅಪರಾಧದ ಆರೋಪವೂ ಇಲ್ಲದೆ, ವೀಸಾ ಅಥವಾ ಗಡಿ ದಾಟಿದ ಕಾರಣಕ್ಕೆ ವಶಕ್ಕೆ ಪಡೆದವರ ಡಿಎನ್‌ಎ ಕೂಡ ಅಪರಾಧ ತನಿಖೆಗೆಂದು ಕಟ್ಟಿದ ವ್ಯವಸ್ಥೆಯೊಳಗೆ ಸೇರಬಹುದು. ಇದು ಸರಿಯಲ್ಲ ಎಂದೇ ನನ್ನ ನಂಬಿಕೆ.

ರಾಜ್ಯದ ಕಾನೂನನ್ನು ಹುಡುಕಲು ಆ ರಾಜ್ಯದ ಶಾಸನಸಭೆಯ ಅಧಿಕೃತ ಜಾಲತಾಣವೇ ಸಾಕು. ಆದರೆ ಎಲ್ಲ ರಾಜ್ಯಗಳಲ್ಲೂ ಅದು ಒಂದೇ ಕಡೆ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪೀನಲ್ ಕೋಡಿನ 295ನೇ ಕಲಮಿನಿಂದ ಶುರುವಾಗುತ್ತದೆ. ನ್ಯೂಯಾರ್ಕಿನಲ್ಲಿ ಎಕ್ಸಿಕ್ಯುಟಿವ್ ಲಾದ 995ನೇ ಕಲಮಿನಿಂದ. ಮ್ಯಾಸಚೂಸೆಟ್ಸ್‌ನಲ್ಲಿ 22ಇ ಎಂಬ ಅಧ್ಯಾಯವೇ ಇದಕ್ಕೆ ಮೀಸಲು. ಇಲಿನಾಯ್‌ನಲ್ಲಿ ಶಿಕ್ಷೆ ವಿಧಿಸುವ ಕಾನೂನಿನೊಳಗೆ, ಮೇರಿಲ್ಯಾಂಡ್‌ನಲ್ಲಿ ಸಾರ್ವಜನಿಕ ಸುರಕ್ಷತೆಯ ಸಂಹಿತೆಯೊಳಗೆ ಇದೆ. 'ಡಿಎನ್‌ಎ' ಜತೆಗೆ 'ಡೇಟಾಬೇಸ್', 'ಡೇಟಾಬ್ಯಾಂಕ್' ಎರಡೂ ಪದ ಹಾಕಿ ಹುಡುಕಿ. ಪುಟದ ಕೊನೆಯಲ್ಲಿ ತಿದ್ದುಪಡಿಗಳ ಇತಿಹಾಸವಿರುತ್ತದೆ. ನೀವು ಓದುತ್ತಿರುವುದು ಈಗ ಜಾರಿಯಲ್ಲಿರುವ ಪಠ್ಯವೇ ಎಂದು ಅಲ್ಲಿ ನೋಡಿಕೊಳ್ಳಿ.

ಹಂತ 2: ಮಾದರಿ ಬೇರೆ, ಪ್ರೊಫೈಲ್ ಬೇರೆ

ಕಾನೂನಿನ ವ್ಯಾಖ್ಯೆಗಳ ಭಾಗವನ್ನು ಹಾರಿಸಿ ಓದುವ ಅಭ್ಯಾಸ ಎಲ್ಲರಿಗೂ ಇದೆ. ಇಲ್ಲಿ ಹಾಗೆ ಮಾಡಬೇಡಿ. ಮಾದರಿ ಎಂದರೆ ಕೆನ್ನೆಯ ಒಳಗೋಡೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿ ತೆಗೆದ ಜೀವಕೋಶಗಳು. ಪ್ರೊಫೈಲ್ ಎಂದರೆ ಅವನ್ನು ಪರೀಕ್ಷಿಸಿ ಬರೆದಿಟ್ಟ ಅಂಕಿಗಳ ಸಾಲು. ರಕ್ತಪರೀಕ್ಷೆಗೆ ಕೊಟ್ಟ ರಕ್ತಕ್ಕೂ ಕೈಗೆ ಬರುವ ವರದಿಗೂ ಇರುವಷ್ಟು ವ್ಯತ್ಯಾಸ ಇವೆರಡರ ನಡುವೆ ಇದೆ. ಕೋಡಿಸ್ ಪ್ರೊಫೈಲು ಮೊದಲು ಡಿಎನ್‌ಎಯ 13 ನಿಗದಿತ ಸ್ಥಾನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. 2017ರ ಜನವರಿ 1ರಿಂದ 20. ಪ್ರತಿ ಸ್ಥಾನದಲ್ಲಿ ಒಂದು ಸಣ್ಣ ತುಣುಕು ಎಷ್ಟು ಸಲ ಮರುಕಳಿಸಿದೆ ಎಂಬ ಎಣಿಕೆ ಮಾತ್ರ ಅದರಲ್ಲಿರುತ್ತದೆ. ರಾಷ್ಟ್ರಮಟ್ಟದ ಸೂಚಿಯಲ್ಲಿ ವ್ಯಕ್ತಿಯ ಹೆಸರೂ ಇರುವುದಿಲ್ಲ. ಪ್ರೊಫೈಲು, ಮಾದರಿಯ ಸಂಖ್ಯೆ, ಕಳಿಸಿದ ಪ್ರಯೋಗಾಲಯದ ಗುರುತು, ಪರೀಕ್ಷೆ ಮಾಡಿದ ಸಿಬ್ಬಂದಿಯ ವಿವರ, ಇಷ್ಟೇ.

ಮಾದರಿ ಹಾಗಲ್ಲ. ಅದು ಇರುವವರೆಗೂ ಅದರಲ್ಲಿ ಆ ಮನುಷ್ಯನ ಪೂರ್ತಿ ಆನುವಂಶಿಕ ವಿವರ ಇರುತ್ತದೆ: ಕಾಯಿಲೆಯ ಸಾಧ್ಯತೆ, ವಂಶ, ಎಲ್ಲವೂ. ಹಾಗಾಗಿ ಪ್ರೊಫೈಲ್ ಸಿದ್ಧವಾದ ಮೇಲೂ ಮಾದರಿಯನ್ನು ಇಟ್ಟುಕೊಳ್ಳುತ್ತಾರೆಯೇ, ಅದನ್ನು ಬೇರೆ ಯಾವ ಪರೀಕ್ಷೆಗೂ ಒಡ್ಡಬಾರದೆಂದು ಕಾನೂನು ಸ್ಪಷ್ಟವಾಗಿ ಹೇಳಿದೆಯೇ ಎಂದು ನೋಡಿ. ಅಳಿಸುವ ಕಲಮನ್ನು ಓದುವಾಗಲೂ ಇದೇ ಪ್ರಶ್ನೆ ಬರುತ್ತದೆ. ಪ್ರೊಫೈಲನ್ನು ಅಳಿಸಿ ಮಾದರಿಯನ್ನು ಉಳಿಸಿಕೊಂಡರೆ ಅದು ಅರ್ಧ ಕೆಲಸ.

ಹಂತ 3: ಯಾವ ಅಪರಾಧಕ್ಕೆ?

ಫೆಲನಿ ತೀರ್ಪಾದವರು ಡಿಎನ್‌ಎ ಕೊಡಬೇಕು ಎಂಬುದರಲ್ಲಿ ಐವತ್ತೂ ರಾಜ್ಯಗಳು ಒಂದೇ. ಭೇದ ಶುರುವಾಗುವುದು ಮಿಸ್‌ಡಿಮೀನರ್, ಅಂದರೆ ಚಿಕ್ಕ ಅಪರಾಧಗಳಲ್ಲಿ. ನ್ಯೂಯಾರ್ಕನ್ನು ಹತ್ತಿರದಿಂದ ನೋಡೋಣ. 2012ರಲ್ಲಿ ಅಲ್ಲಿ ಕಾನೂನು ವಿಸ್ತಾರವಾಯಿತು: ಯಾವ ಕಾನೂನಿನಡಿಯ ಫೆಲನಿಯಾದರೂ ಸರಿ, ಜತೆಗೆ ಪೀನಲ್ ಲಾದಲ್ಲಿ (ರಾಜ್ಯದ ದಂಡ ಸಂಹಿತೆಯಲ್ಲಿ) ಹೇಳಿರುವ ಮಿಸ್‌ಡಿಮೀನರ್ ಆದರೂ ಸರಿ, ತೀರ್ಪಾದರೆ ಡಿಎನ್‌ಎ ಕೊಡಬೇಕು. 'ಪೀನಲ್ ಲಾದಲ್ಲಿ ಹೇಳಿರುವ' ಎಂಬ ಮಾತಿನ ಪರಿಣಾಮ ನೋಡಿ. ಅಂಗಡಿಯಲ್ಲಿ ಸಣ್ಣ ವಸ್ತು ಕದ್ದದ್ದು ಪೆಟಿ ಲಾರ್ಸನಿ. ಅದು ಪೀನಲ್ ಲಾದಲ್ಲಿದೆ, ಆದ್ದರಿಂದ ತೀರ್ಪಾದರೆ ಡಿಎನ್‌ಎ ಕೊಡಬೇಕು. ಮೊದಲ ಸಲ ಕುಡಿದು ಗಾಡಿ ಓಡಿಸಿದ್ದು ಕೂಡ ಸಾಮಾನ್ಯವಾಗಿ ಮಿಸ್‌ಡಿಮೀನರೇ, ಆದರೆ ಅದು ಇರುವುದು ವಾಹನ ಸಂಚಾರ ಕಾನೂನಿನಲ್ಲಿ. ಅದಕ್ಕೆ ಡಿಎನ್‌ಎ ಬೇಡ. ಯಾರ ಜೀವಕ್ಕೆ ಯಾವುದು ಹೆಚ್ಚು ಅಪಾಯ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಪರಾಧ ಯಾವ ಪುಸ್ತಕದಲ್ಲಿದೆ ಎಂಬುದಷ್ಟೇ ಮುಖ್ಯ.

ಇನ್ನೂ ಒಂದು ಸಂಗತಿ. ಅಮೆರಿಕದಲ್ಲಿ ಬಹುಪಾಲು ಪ್ರಕರಣಗಳು ವಿಚಾರಣೆಯವರೆಗೆ ಹೋಗದೆ ಒಪ್ಪಂದದಲ್ಲಿ ಮುಗಿಯುತ್ತವೆ. ಅದೇ ಪೆಟಿ ಲಾರ್ಸನಿ ಆರೋಪ ಡಿಸಾರ್ಡರ್ಲಿ ಕಾಂಡಕ್ಟ್‌ಗೆ (ಸಾರ್ವಜನಿಕವಾಗಿ ಅಶಿಸ್ತಿನ ವರ್ತನೆ) ಇಳಿದರೆ, ನ್ಯೂಯಾರ್ಕಿನಲ್ಲಿ ಅದು 'ವಯಲೇಶನ್'. ಅಪರಾಧದ ವರ್ಗಕ್ಕೇ ಸೇರದು. ಡಿಎನ್‌ಎ ಕೊಡುವ ಪ್ರಮೇಯವೂ ಬರುವುದಿಲ್ಲ. ತಪ್ಪೊಪ್ಪಿಗೆಗೆ ಸಹಿ ಹಾಕುವ ಮುನ್ನ ವಕೀಲರನ್ನು ನೇರವಾಗಿ ಕೇಳಬೇಕಾದ ಪ್ರಶ್ನೆ ಇದು: "ಇದಕ್ಕೆ ಒಪ್ಪಿದರೆ ಡಿಎನ್‌ಎ ಕೊಡಬೇಕಾಗುತ್ತದೆಯೇ?" ದಂಡ, ಜೈಲು, ವೀಸಾ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದನ್ನು ಕೇಳುವುದು ಮರೆತುಹೋಗುತ್ತದೆ.

ಬಾಲಾಪರಾಧಿಗಳ ವಿಷಯ ಪ್ರತಿ ರಾಜ್ಯದಲ್ಲೂ ಬೇರೆ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಆ ಉಪಕಲಮನ್ನು ಪ್ರತ್ಯೇಕವಾಗಿ ಹುಡುಕಿ. ಕ್ಯಾಲಿಫೋರ್ನಿಯಾದಲ್ಲಿ ಬಾಲ ನ್ಯಾಯಾಲಯ ಫೆಲನಿ ಎಸಗಿದ್ದಾರೆಂದು ತೀರ್ಮಾನಿಸಿದ ಮಕ್ಕಳ ಡಿಎನ್‌ಎಯೂ ಸಂಗ್ರಹಕ್ಕೆ ಹೋಗುತ್ತದೆ.

ಹಂತ 4: ತೀರ್ಪಿನ ನಂತರವೋ, ಬಂಧನದ ಹೊತ್ತಿಗೋ?

ಈ ಕಾನೂನುಗಳು ಶುರುವಾದದ್ದು ತೀರ್ಪಾದವರಿಗಾಗಿ. ನಂತರ ಒಂದೊಂದೇ ರಾಜ್ಯ ಅದನ್ನು ಬಂಧನದ ಹಂತಕ್ಕೆ ಎಳೆಯಿತು. ಮಹತ್ವದ ತೀರ್ಪು ಬಂದದ್ದು 2013ರ ಜೂನ್ 3ರಂದು, ಮೇರಿಲ್ಯಾಂಡ್ ವಿರುದ್ಧ ಕಿಂಗ್ ಪ್ರಕರಣದಲ್ಲಿ.

2009ರಲ್ಲಿ ಮೇರಿಲ್ಯಾಂಡಿನ ವೈಕೊಮಿಕೊ ಕೌಂಟಿಯಲ್ಲಿ ಕಿಂಗ್ ಎಂಬಾತ ಬಂದೂಕು ತೋರಿಸಿ ಜನರನ್ನು ಬೆದರಿಸಿದ ಆರೋಪದಲ್ಲಿ ಬಂಧಿತನಾದ. ದಾಖಲೆ ಮಾಡಿಕೊಳ್ಳುವಾಗಲೇ ಕೆನ್ನೆಯಿಂದ ಮಾದರಿ ತೆಗೆದರು. ತಿಂಗಳುಗಳ ನಂತರ ಅದು 2003ರಲ್ಲಿ ಸ್ಯಾಲಿಸ್‌ಬರಿಯಲ್ಲಿ ನಡೆದ, ಪತ್ತೆಯಾಗದೆ ಉಳಿದಿದ್ದ ಅತ್ಯಾಚಾರವೊಂದರ ಕುರುಹಿಗೆ ಹೊಂದಿತು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಯಾವ ಪ್ರಕರಣದಲ್ಲಿ ಅವನನ್ನು ಮೊದಲು ಬಂಧಿಸಿದ್ದರೋ ಅದು ಕೊನೆಗೆ ಮಿಸ್‌ಡಿಮೀನರ್‌ಗೆ ಇಳಿಯಿತು, ಮತ್ತು ಮೇರಿಲ್ಯಾಂಡಿನಲ್ಲಿ ಆ ಅಪರಾಧದ ತೀರ್ಪಿಗೆ ಡಿಎನ್‌ಎ ತೆಗೆಯಲು ಅವಕಾಶವೇ ಇರಲಿಲ್ಲ. ಬಂಧನದ ಹಂತದಲ್ಲಿ ತೆಗೆಯದಿದ್ದರೆ ಆ ಮಾದರಿ ಸಿಗುತ್ತಲೇ ಇರಲಿಲ್ಲ. ಹಲವು ವರ್ಷ ನ್ಯಾಯಕ್ಕಾಗಿ ಕಾದ ಆ ಹೆಂಗಸಿನ ಕಡೆಯಿಂದ ನೋಡಿದರೆ ಕಾನೂನಿನ ಬೆಲೆ ಅರ್ಥವಾಗುತ್ತದೆ. ನಾನು ಈ ಸಂಗ್ರಹಗಳನ್ನೇ ವಿರೋಧಿಸುವವರ ಗುಂಪಿಗೆ ಸೇರದಿರುವುದಕ್ಕೆ ಇಂಥ ಪ್ರಕರಣಗಳೇ ಕಾರಣ.

ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ಮೇರಿಲ್ಯಾಂಡಿನ ಕಾನೂನನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕೆನಡಿ, ಇದು ಬೆರಳಚ್ಚು ತೆಗೆದಂತೆ ಗುರುತಿಸುವ ಕ್ರಮ ಎಂದರು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ಗುರುತಿಸುವುದಕ್ಕೇ ಆಗಿದ್ದರೆ ಪರೀಕ್ಷೆಗೆ ತಿಂಗಳುಗಟ್ಟಲೆ ಯಾಕೆ ಬೇಕಾಯಿತು ಎಂಬ ಜಾಡು ಹಿಡಿದು ವಾದಿಸಿದರು. ಆಗ ಅಂಥ ಕಾನೂನು 28 ರಾಜ್ಯಗಳಲ್ಲಿತ್ತು.

ಈ ತೀರ್ಪಿಗೆ ಎಲ್ಲ ರಾಜ್ಯಗಳೂ ಬಂಧನದ ಹಂತದಲ್ಲೇ ತೆಗೆಯಬೇಕೆಂಬ ಅರ್ಥವಿಲ್ಲ. ತೆಗೆಯುವುದು ಫೆಡರಲ್ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಷ್ಟೇ ಅದು ಹೇಳಿದ್ದು. ಮರುವರ್ಷ, 2014ರಲ್ಲಿ, ವರ್ಮಾಂಟ್‌ನ ಸರ್ವೋಚ್ಚ ನ್ಯಾಯಾಲಯ ತನ್ನ ರಾಜ್ಯದ ಸಂವಿಧಾನದ ಆಧಾರದಲ್ಲಿ ಇಂಥದೇ ಕಾನೂನನ್ನು ತಳ್ಳಿಹಾಕಿತು. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ, ಬೂಜಾ ಪ್ರಕರಣದಲ್ಲಿ, 4-3ರಿಂದ ತನ್ನದನ್ನು ಉಳಿಸಿಕೊಂಡಿತು. ನ್ಯೂಯಾರ್ಕ್ ರಾಜ್ಯದ ಡೇಟಾಬ್ಯಾಂಕು ಇಂದಿಗೂ ತೀರ್ಪಿನವರೆಗೆ ಕಾಯುತ್ತದೆ. ಆದ್ದರಿಂದ ಕಾನೂನಿನ ಪಠ್ಯದ ಜತೆಗೆ ಆ ರಾಜ್ಯದ ಉನ್ನತ ನ್ಯಾಯಾಲಯದ ತೀರ್ಪುಗಳನ್ನೂ ನೋಡಲೇಬೇಕು. ಪುಸ್ತಕದಲ್ಲಿ ಉಳಿದಿರುವ ಕಲಮು ಕೋರ್ಟಿನಲ್ಲಿ ಬಿದ್ದುಹೋಗಿರಬಹುದು.

ಹಂತ 5: ಕೊಡುವುದಿಲ್ಲ ಎಂದರೆ?

ಚಿಕ್ಕದಾಗಿ ಹೇಳುತ್ತೇನೆ: ನಿರಾಕರಿಸಬೇಡಿ, ವಕೀಲರಿಗೆ ಫೋನ್ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ನಿರಾಕರಣೆಯೇ ಪ್ರತ್ಯೇಕ ಅಪರಾಧ. 500 ಡಾಲರ್ ದಂಡ ಮತ್ತು ಒಂದು ವರ್ಷದವರೆಗೆ ಜೈಲು. ಮೇಲಧಿಕಾರಿಯ ಅನುಮತಿ ಪಡೆದು ಬಲಪ್ರಯೋಗ ಮಾಡಲೂ ಅಲ್ಲಿ ಅವಕಾಶವಿದೆ. ಅದಕ್ಕಾಗಿ ಸೆಲ್ಲಿನಿಂದ ಎಳೆದು ತರಬೇಕಾದರೆ ವಿಡಿಯೊ ಮಾಡಬೇಕು.

ತಪ್ಪಾಗಿ ತೆಗೆದ ಮಾದರಿಯ ಬಗ್ಗೆಯೂ ಒಂದು ಕಲಮು ಇರುತ್ತದೆ. ಪಟ್ಟಿಯಲ್ಲಿಲ್ಲದ ಅಪರಾಧಕ್ಕೆ ಪ್ರಾಮಾದಿಕವಾಗಿ ಮಾದರಿ ತೆಗೆದು, ಅದು ಹಳೆಯ ಪ್ರಕರಣಕ್ಕೆ ಹೊಂದಿದರೆ, ಆ ಕಾರಣದಿಂದ ಬಂಧನವಾಗಲಿ ಶಿಕ್ಷೆಯಾಗಲಿ ಅಸಿಂಧುವಾಗುವುದಿಲ್ಲ ಎಂದು ಕ್ಯಾಲಿಫೋರ್ನಿಯಾ ಬರೆದಿಟ್ಟಿದೆ. 'ತೆಗೆದದ್ದೇ ತಪ್ಪು, ಆಮೇಲೆ ಪ್ರಶ್ನಿಸಿದರಾಯಿತು' ಎಂದು ನೆಚ್ಚಿಕೊಳ್ಳುವ ಹಾಗಿಲ್ಲ. ಆಕ್ಷೇಪವಿದ್ದರೆ ಮಾದರಿ ತೆಗೆಯುವ ಮುನ್ನವೇ ವಕೀಲರ ಮೂಲಕ ದಾಖಲಾಗಬೇಕು.

ಹಂತ 6: ಒಳಗೆ ಹೋದದ್ದನ್ನು ಯಾವುದಕ್ಕೆ ಬಳಸುತ್ತಾರೆ?

ಸಾಮಾನ್ಯ ಬಳಕೆ ಸರಳ. ಅಪರಾಧ ನಡೆದ ಸ್ಥಳದ ಪ್ರೊಫೈಲನ್ನು ಸಂಗ್ರಹದಲ್ಲಿ ಹುಡುಕುತ್ತಾರೆ. ಹೊಂದಿದರೆ ಅದನ್ನು 'ಹಿಟ್' ಎನ್ನುತ್ತಾರೆ. ಹಿಟ್ ಬಂದ ತಕ್ಷಣ ಅದೇ ಅಂತಿಮ ಸಾಕ್ಷ್ಯವಲ್ಲ. ಪ್ರಯೋಗಾಲಯ ಅದನ್ನು ಖಚಿತಪಡಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಪೊಲೀಸರು ವಾರಂಟ್ ಪಡೆದು ಆ ವ್ಯಕ್ತಿಯಿಂದ ಹೊಸ ಮಾದರಿ ತೆಗೆದು ಮತ್ತೆ ಹೋಲಿಸುತ್ತಾರೆ.

ಕುಟುಂಬದವರನ್ನು ಮುಟ್ಟುವುದು ಇನ್ನೊಂದು ಬಗೆಯ ಹುಡುಕಾಟ. ಪೂರ್ತಿ ಹೊಂದದೆ ಬಹುಪಾಲು ಹೊಂದುವ ಪ್ರೊಫೈಲ್ ಸಿಕ್ಕರೆ ಅದು ಅಪ್ಪ, ಮಗ ಅಥವಾ ಒಡಹುಟ್ಟಿದವರದ್ದಿರಬಹುದು. ಕ್ಯಾಲಿಫೋರ್ನಿಯಾ 2008ರಲ್ಲಿ ಇದಕ್ಕೊಂದು ನೀತಿ ಮಾಡಿತು. 2010ರಲ್ಲಿ ಲಾಸ್ ಏಂಜಲೀಸ್‌ನ 'ಗ್ರಿಮ್ ಸ್ಲೀಪರ್' ಎಂಬ ಸರಣಿ ಕೊಲೆಗಾರ ಸಿಕ್ಕಿಬಿದ್ದದ್ದು ಹೀಗೆಯೇ: ಸಂಗ್ರಹದಲ್ಲಿದ್ದದ್ದು ಅವನ ಮಗನ ಪ್ರೊಫೈಲು. ಅಪ್ಪನ ಡಿಎನ್‌ಎಯನ್ನು ಆಮೇಲೆ, ಅವನು ತಿಂದು ಬಿಟ್ಟ ಪಿಜ್ಜಾದ ಅಂಚಿನಿಂದ ತೆಗೆದರು. ಮೇರಿಲ್ಯಾಂಡ್ ತನ್ನ ಕಾನೂನಿನಲ್ಲೇ ಇಂಥ ಹುಡುಕಾಟವನ್ನು ನಿಷೇಧಿಸಿದೆ. ನ್ಯೂಯಾರ್ಕ್ ಶಾಸನಸಭೆಗೆ ಹೋಗದೆ 2017ರಲ್ಲಿ ಆಡಳಿತಾತ್ಮಕ ನಿಯಮದ ಮೂಲಕ ತಂದಿತು. ಅದು ಕೋರ್ಟು ಹತ್ತಿ, ಕೆಳಗೆ ಬಿದ್ದು, 2023ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದಿತು. ಹಾಗಾಗಿ ಕಾನೂನಿನಲ್ಲಿ ಈ ವಿಷಯ ಕಾಣದಿದ್ದರೆ ಇಲಾಖೆಯ ನಿಯಮಗಳಲ್ಲಿ ಹುಡುಕಿ. 'ಗೋಲ್ಡನ್ ಸ್ಟೇಟ್ ಕಿಲ್ಲರ್' ಎಂಬ ಸರಣಿ ಕೊಲೆಗಾರನನ್ನು 2018ರಲ್ಲಿ ಹಿಡಿದ ಪ್ರಕರಣದಂತೆ ಖಾಸಗಿ ವಂಶಾವಳಿ ಜಾಲತಾಣಗಳನ್ನು ಬಳಸುವುದು ಮತ್ತೊಂದೇ ಕಥೆ. ಅದಕ್ಕೆ ಮೇರಿಲ್ಯಾಂಡ್, ಮೊಂಟಾನಾಗಳು 2021ರಲ್ಲಿ ಪ್ರತ್ಯೇಕ ಕಾನೂನು ಮಾಡಿವೆ.

ಸಂತ್ರಸ್ತರ ಡಿಎನ್‌ಎಗೆ ರಕ್ಷಣೆ ಇದೆಯೇ ಎಂದೂ ನೋಡಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅತ್ಯಾಚಾರ ಸಂತ್ರಸ್ತೆಯೊಬ್ಬರು ತನಿಖೆಗೆಂದು ಕೊಟ್ಟ ಡಿಎನ್‌ಎಯನ್ನು ಬೇರೊಂದು ಪ್ರಕರಣದಲ್ಲಿ ಅವರ ವಿರುದ್ಧವೇ ಬಳಸಿದ್ದು 2022ರಲ್ಲಿ ಹೊರಬಂತು. ಅದೇ ವರ್ಷ ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿತು. ನೊಂದವರು ನಂಬಿ ಕೊಟ್ಟದ್ದನ್ನು ಅವರ ಮೇಲೆಯೇ ತಿರುಗಿಸಿದರೆ ಮುಂದೆ ಯಾರು ದೂರು ಕೊಡಲು ಬಂದಾರು?

ಹಂತ 7: ಅಳಿಸುವ ಕಲಮು

ಇಲ್ಲಿ ನಿಧಾನವಾಗಿ, ಪೆನ್ಸಿಲ್ ಹಿಡಿದು ಓದಿ.

ರಾಷ್ಟ್ರೀಯ ಸೂಚಿಯಲ್ಲಿ ಪಾಲ್ಗೊಳ್ಳಬೇಕಾದರೆ ರಾಜ್ಯಗಳು ಒಂದು ಷರತ್ತು ಪಾಲಿಸಬೇಕು. ಶಿಕ್ಷೆಯ ತೀರ್ಪು ರದ್ದಾದರೆ, ಅಥವಾ ಬಂಧನದಲ್ಲಿ ಮಾದರಿ ಕೊಟ್ಟವರ ಆರೋಪ ವಜಾ ಆದರೆ, ಖುಲಾಸೆಯಾದರೆ, ಕಾಲಮಿತಿಯೊಳಗೆ ದೋಷಾರೋಪವೇ ಸಲ್ಲಿಕೆಯಾಗದಿದ್ದರೆ, ದಾಖಲೆ ಅಳಿಸಬೇಕು. ಕೇಳಲು ಚೆನ್ನಾಗಿದೆ. ಆದರೆ ತೀರ್ಪು ರದ್ದಾದುದಕ್ಕೋ ಖುಲಾಸೆಯಾದುದಕ್ಕೋ ಕೋರ್ಟಿನ ಅಂತಿಮ ಆದೇಶದ ಪ್ರಮಾಣಿತ ಪ್ರತಿ ರಾಜ್ಯದ ಕೈಸೇರಬೇಕು. ಅದನ್ನು ತಲುಪಿಸುವವರು ಯಾರು ಎಂಬಲ್ಲಿ ರಾಜ್ಯಗಳ ದಾರಿ ಕವಲೊಡೆಯುತ್ತದೆ.

ಮೇರಿಲ್ಯಾಂಡಿನಲ್ಲಿ ಬಂಧಿತರಿಗೆ ಶಿಕ್ಷೆಯಾಗದಿದ್ದರೆ ಅಳಿಸುವುದು ಸರ್ಕಾರದ ಹೊಣೆ. ವ್ಯಕ್ತಿ ಅರ್ಜಿ ಹಾಕಬೇಕಿಲ್ಲ. ವರ್ಜೀನಿಯಾದಲ್ಲಿ ಕೋರ್ಟಿನ ಗುಮಾಸ್ತರೇ ಪ್ರಯೋಗಾಲಯಕ್ಕೆ ತಿಳಿಸಬೇಕು. ಕ್ಯಾಲಿಫೋರ್ನಿಯಾದ 299ನೇ ಕಲಮು ತದ್ವಿರುದ್ಧ. ಆರೋಪವೇ ದಾಖಲಾಗದೆ ಮನೆಗೆ ಹೋದವರೂ ತಾವೇ ಅರ್ಜಿ ಬರೆಯಬೇಕು. ಕೋರ್ಟಿನ ದಾರಿ ಹಿಡಿದರೆ ಪ್ರತಿಯನ್ನು ರಾಜ್ಯದ ಡಿಎನ್‌ಎ ಪ್ರಯೋಗಾಲಯಕ್ಕೂ ಸರ್ಕಾರಿ ವಕೀಲರಿಗೂ ಕಳಿಸಿ, 180 ದಿನ ಕಾದು, ಆಕ್ಷೇಪ ಬಂದಿಲ್ಲವೆಂದು ಖಾತ್ರಿಯಾಗಬೇಕು. ನ್ಯಾಯಾಧೀಶರು ಒಪ್ಪದಿದ್ದರೆ ಮೇಲ್ಮನವಿಗೂ ಅವಕಾಶವಿಲ್ಲ. ರಾಜ್ಯದ ನ್ಯಾಯ ಇಲಾಖೆ ನೇರವಾಗಿ ಸ್ವೀಕರಿಸುವ ಸರಳ ಅರ್ಜಿ ನಮೂನೆಯೂ ಇದೆ. ಮೊದಲು ಅದನ್ನೇ ಪ್ರಯತ್ನಿಸಿ. ಫೆಲನಿ ಶಿಕ್ಷೆಯನ್ನು ನಂತರ ಮಿಸ್‌ಡಿಮೀನರ್‌ಗೆ ಇಳಿಸಿಕೊಂಡವರಿಗೆ ಆ ಕಾರಣಕ್ಕಾಗಿ ಅಳಿಸುವ ಹಕ್ಕು ಸಿಗದು ಎಂದೂ ಅದೇ ಕಲಮು ಹೇಳುತ್ತದೆ.

ತಪ್ಪು ಮಾಡದವನ ಹೆಗಲ ಮೇಲೆ ಈ ಓಡಾಟ ಹೊರಿಸುವುದು ಅನ್ಯಾಯ. ಇಂಗ್ಲಿಷ್ ಸರಿಯಾಗಿ ಬಾರದ, ಎರಡು ಕಡೆ ಕೆಲಸ ಮಾಡುವ ಮನುಷ್ಯನಿಗೆ ಇಂಥದೊಂದು ಹಕ್ಕಿದೆ ಎಂಬುದೇ ತಿಳಿಯುವುದಿಲ್ಲ. ಅವನ ಪ್ರೊಫೈಲು ಒಳಗೇ ಉಳಿಯುತ್ತದೆ. ಭಾರತದ 2022ರ ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಶನ್) ಕಾಯ್ದೆಯನ್ನೂ ಇದೇ ಕಣ್ಣಿನಿಂದ ಓದಬೇಕು. ಅದು ಜೈವಿಕ ಮಾದರಿಗಳನ್ನೂ ಒಳಗೊಂಡು, ದಾಖಲೆಗಳನ್ನು 75 ವರ್ಷ ಇಡಲು ಹೇಳುತ್ತದೆ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ಕಾನೂನಿನ ಎಲ್ಲ ದಾರಿಗಳು ಮುಗಿದ ಮೇಲೆ ನಾಶಮಾಡಬೇಕು; ಕೋರ್ಟು ಕಾರಣ ಬರೆದು ಬೇರೆ ಆದೇಶ ಮಾಡಿದರೆ ಮಾತ್ರ ಉಳಿಸಬಹುದು. ಡಿಎನ್‌ಎಗೆಂದೇ 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದ ಮಸೂದೆಯನ್ನು 2023ರಲ್ಲಿ ಹಿಂಪಡೆಯಲಾಯಿತು. ಮತ್ತೆ ಬಂದರೆ ಅದರ ಅಳಿಸುವ ಕಲಮನ್ನೇ ಮೊದಲು ತೆರೆಯಿರಿ.

ಅರ್ಜಿ ಹಾಕುವವರು ಜೋಡಿಸಿಕೊಳ್ಳಬೇಕಾದದ್ದು: ಬಂಧನದ ದಿನಾಂಕ ಮತ್ತು ಬಂಧಿಸಿದ ಸಂಸ್ಥೆಯ ಹೆಸರು, ಪ್ರಕರಣದ ಸಂಖ್ಯೆ, ಖುಲಾಸೆ ಅಥವಾ ವಜಾ ಆದೇಶದ ಪ್ರಮಾಣಿತ ಪ್ರತಿ (ಜೆರಾಕ್ಸ್ ನಡೆಯುವುದಿಲ್ಲ), ಆರೋಪವೇ ಸಲ್ಲಿಕೆಯಾಗದಿದ್ದರೆ ಹಾಗೆಂದು ಸರ್ಕಾರಿ ವಕೀಲರ ಕಚೇರಿಯ ಪತ್ರ. ಅಂಚೆಯಲ್ಲಿ ಕಳಿಸುವುದಾದರೆ ಸ್ವೀಕೃತಿ ಬರುವಂತೆ ಕಳಿಸಿ. ಒಬ್ಬರ ಮೇಲೆ ಎರಡು ಪ್ರಕರಣಗಳಿದ್ದು, ಇನ್ನೊಂದರಲ್ಲಿ ಪಟ್ಟಿಯಲ್ಲಿರುವ ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಅಳಿಸುವುದಿಲ್ಲ.

ಹಂತ 8: ರಾಜ್ಯದ ಸಂಗ್ರಹದ ಹೊರಗೂ ನೋಡಿ

ಕೆಲವು ಊರುಗಳು ತಮ್ಮದೇ ಸಂಗ್ರಹ ಇಟ್ಟುಕೊಂಡಿವೆ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಜಿಲ್ಲಾ ಅಟಾರ್ನಿ (ಸರ್ಕಾರಿ ವಕೀಲರ) ಕಚೇರಿ 2007ರಿಂದ, ಸಣ್ಣ ಆರೋಪ ಎದುರಿಸುವವರು ಡಿಎನ್‌ಎ ಕೊಟ್ಟರೆ ಪ್ರಕರಣವನ್ನು ಕೈಬಿಡುವ ಅಥವಾ ಹಗುರಗೊಳಿಸುವ ಪದ್ಧತಿ ನಡೆಸಿತು. ನ್ಯೂಯಾರ್ಕ್ ನಗರದ ಪ್ರಯೋಗಾಲಯದ ಸಂಗ್ರಹದಲ್ಲಿ ಶಂಕಿತರ ಪ್ರೊಫೈಲುಗಳೂ ಸೇರಿದ್ದವು. ಅವುಗಳಲ್ಲಿ ಕೆಲವು, ವಿಚಾರಣೆಯ ಕೋಣೆಯಲ್ಲಿ ಕುಡಿದಿಟ್ಟ ನೀರಿನ ಲೋಟ ಅಥವಾ ಸೇದಿ ಬಿಟ್ಟ ಸಿಗರೇಟಿನಿಂದ ತೆಗೆದವು. ರಾಜ್ಯದ ಕಾನೂನು ತೀರ್ಪಿನವರೆಗೆ ಕಾಯಬೇಕೆನ್ನುವಾಗ ಇದು ಸರಿಯೇ ಎಂದು 2022ರಲ್ಲಿ ದಾವೆ ಹೂಡಲಾಯಿತು.

ಆದ್ದರಿಂದ ಅರ್ಜಿಯಲ್ಲಿ ಎರಡು ಸಾಲು ಹೆಚ್ಚು ಬರೆಯಿರಿ: ಪ್ರೊಫೈಲ್ ಮತ್ತು ಮಾದರಿ ಎರಡನ್ನೂ ನಾಶಪಡಿಸಬೇಕು, ಸ್ಥಳೀಯ ಪ್ರಯೋಗಾಲಯದಲ್ಲಿ ಪ್ರತಿ ಇದ್ದರೆ ಅದನ್ನೂ ತೆಗೆಯಬೇಕು. ಸ್ಥಳೀಯ ಕಚೇರಿಗೆ ಬೇರೆಯದೇ ಪತ್ರ ಬೇಕಾಗಬಹುದು. ಕೆಲಸ ಆದ ಮೇಲೆ ಆಗಿದೆ ಎಂದು ಪ್ರಯೋಗಾಲಯದಿಂದ ಬರವಣಿಗೆಯಲ್ಲಿ ಪಡೆದು, ಕೋರ್ಟಿನ ಆದೇಶದ ಜತೆಗೆ ಇಟ್ಟುಕೊಳ್ಳಿ.